ಪದಕಕ್ಕೆ ಮುಂಚಿನ ವರ್ಷಗಳು

ನೊಬೆಲ್ ಪ್ರಶಸ್ತಿಗಳು ಪ್ರಕಟವಾಗುವುದು ಅಕ್ಟೋಬರ್‌ನ ಮೊದಲೆರಡು ವಾರಗಳಲ್ಲಿ. ಮಂಡ್ಯದ ನಾಲಾ ಬಯಲಿನಲ್ಲಿ ಆಗ ಭತ್ತ ಹೊಡೆಯಾಗಿ ತೆನೆ ಬಿಚ್ಚುತ್ತಿರುತ್ತದೆ, ಮಳೆಯಾಶ್ರಯದ ಹೊಲಗಳಲ್ಲಿ ರಾಗಿ ತೆನೆ ಕಟ್ಟುತ್ತಿರುತ್ತದೆ. ನನ್ನಂಥ ತಳಿ ಅಭಿವೃದ್ಧಿಯ ಕಸುಬಿನವರು ಬದು ಬಿಟ್ಟು ಕದಲಬಾರದ ದಿನಗಳು ಅವು. ಮೈಸೂರು, ಮಂಡ್ಯದ ಕಾಲೇಜುಗಳಿಂದ ಭಾಷಣಕ್ಕೆ ಕರೆ ಬರುವುದೂ ಆಗಲೇ. ವಿಷಯ ಬಹುಪಾಲು ಒಂದೇ: ನೊಬೆಲ್ ವಿಜ್ಞಾನಿಗಳ ಸ್ಫೂರ್ತಿದಾಯಕ ಬದುಕು. ಹೋಗುತ್ತೇನೆ, ಮಾತಾಡುತ್ತೇನೆ. ಆದರೆ ಆ 'ಸ್ಫೂರ್ತಿದಾಯಕ' ಎನ್ನುವುದರ ಬಗ್ಗೆ ನನಗೆ ತಕರಾರಿದೆ.

ಪ್ರಶಸ್ತಿ ಬಂದವರು ತಮ್ಮ ಜೀವನವನ್ನು ಕುರಿತು ಬರೆಯುವುದು ಪ್ರಶಸ್ತಿ ಬಂದ ಮೇಲೆ. ಬಾಲ್ಯದ ಒಂದು ಘಟನೆ, ಒಬ್ಬ ಒಳ್ಳೆಯ ಮೇಷ್ಟ್ರು, ಒಂದು ಪುಸ್ತಕ, ಅಲ್ಲಿಂದ ನೇರ ಸ್ಟಾಕ್‌ಹೋಮ್. ನಮ್ಮ ಕೆಲಸದಲ್ಲೂ ಇದೇ ಆಗುತ್ತದೆ. ಎರಡು ತಳಿಗಳನ್ನು ಕೂಡಿಸುವ ಸಂಕರಣದ ಎರಡನೇ ಪೀಳಿಗೆಯಲ್ಲಿ ಸಾವಿರಾರು ಗಿಡ ನಿಂತಿರುತ್ತವೆ. ಅವುಗಳಲ್ಲೊಂದರ ಸಂತತಿ ವರ್ಷಗಳ ನಂತರ ತಳಿಯಾಗಿ ಬಿಡುಗಡೆಯಾದರೆ, 'ಆವತ್ತೇ ಅದರ ಲಕ್ಷಣ ಬೇರೆಯಾಗಿತ್ತು' ಎನ್ನುತ್ತೇವೆ. ಅಷ್ಟೇ ಲಕ್ಷಣವಾಗಿದ್ದು ಬೆಂಕಿ ರೋಗಕ್ಕೋ ಗಾಳಿಗೋ ಮಲಗಿದ ಗಿಡಗಳ ಲೆಕ್ಕ ಯಾರೂ ಹೇಳುವುದಿಲ್ಲ. ಆದ್ದರಿಂದ ಬಾಲ್ಯದ ಕಥೆಗಳನ್ನು ಬದಿಗಿಟ್ಟು, ಇವರು ಯಾರೂ ನೋಡದ ವರ್ಷಗಳಲ್ಲಿ ಏನು ಮಾಡುತ್ತಿದ್ದರು ಎಂದು ಹುಡುಕುವುದು ನನ್ನ ರೂಢಿ. ಅಲ್ಲಿ ಕಾಣುವುದು ಛಲಕ್ಕಿಂತ, ಹೊಗಳಿಕೆಯ ಆಸೆಗಿಂತ ಹೆಚ್ಚಾಗಿ, ಒಂದು ವಸ್ತುವಿನ ಜೊತೆಗಿನ ದಿನನಿತ್ಯದ ಒಡನಾಟ.

ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ನಮ್ಮ ಕಸುಬಿಗೆ ಹತ್ತಿರದವರೆಂಬ ಅಭಿಮಾನದಿಂದ. 1902ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈಕೆ ಆಯುಷ್ಯವನ್ನೆಲ್ಲ ಮುಸುಕಿನ ಜೋಳದ ಜೊತೆ ಕಳೆದರು. ಒಂದೇ ತೆನೆಯಲ್ಲಿ ಕೆಲವು ಕಾಳು ನೇರಳೆ, ಕೆಲವು ಬಿಳಿ, ಕೆಲವು ಚುಕ್ಕಿ ಚುಕ್ಕಿ. ಚುಕ್ಕಿ ಏಕೆ, ಒಂದರದು ದೊಡ್ಡದು ಇನ್ನೊಂದರದು ಸಣ್ಣದು ಏಕೆ ಎಂಬ ಜಾಡು ಹಿಡಿದು ಹೊರಟ ಅವರಿಗೆ 1940ರ ದಶಕದಲ್ಲಿ ಸಿಕ್ಕ ಉತ್ತರ ಆ ಕಾಲದವರ ನಂಬಿಕೆಗೆ ಪೂರ್ತಿ ಹೊರಗಿನದು. ವಂಶವಾಹಿಯ ಕೆಲವು ತುಣುಕುಗಳು ತಮ್ಮ ಜಾಗ ಬಿಟ್ಟು ಬೇರೆಡೆಗೆ ಹಾರುತ್ತವೆ. ಅಂಥದೊಂದು ಬಣ್ಣದ ವಂಶವಾಹಿಯೊಳಗೆ ಬಂದು ಕೂತರೆ ಕಾಳು ಬಿಳಿಚಿಕೊಳ್ಳುತ್ತದೆ. ಕಾಳು ಬಲಿಯುತ್ತಿರುವಾಗ ಯಾವುದೋ ಜೀವಕೋಶದಲ್ಲಿ ಅದು ಎದ್ದು ಹೋದರೆ, ಆ ಕೋಶ ಮತ್ತು ಅದರಿಂದ ಹುಟ್ಟಿದ ಕೋಶಗಳಿಗೆ ಮಾತ್ರ ಬಣ್ಣ ಮರಳುತ್ತದೆ. ಅದೇ ಚುಕ್ಕಿ. ಬೇಗ ಎದ್ದರೆ ದೊಡ್ಡದು, ತಡವಾಗಿ ಎದ್ದರೆ ಸಣ್ಣದು.

1951ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಸಂಶೋಧನಾ ಕೇಂದ್ರದ ವಿಚಾರಗೋಷ್ಠಿಯಲ್ಲಿ ಇದನ್ನು ಮಂಡಿಸಿದಾಗ ಬಹಳ ಜನಕ್ಕೆ ತಲೆಬುಡ ತಿಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಅವರು ಈ ವಿಷಯವಾಗಿ ದೊಡ್ಡ ಪತ್ರಿಕೆಗಳಲ್ಲಿ ಪ್ರಕಟಿಸುವುದನ್ನೇ ಕೈಬಿಟ್ಟರು. ಜೋಳ ಬಿತ್ತುವುದನ್ನು ಬಿಡಲಿಲ್ಲ. ಮುಂದೆ ಬ್ಯಾಕ್ಟೀರಿಯಾಗಳಲ್ಲೂ ಇಂಥ ತುಣುಕುಗಳು ಸಿಕ್ಕಮೇಲೆ ಜಗತ್ತು ಹಿಂದಿರುಗಿ ನೋಡಿತು. 1983ರಲ್ಲಿ, 81ನೆಯ ವಯಸ್ಸಿನಲ್ಲಿ, ಯಾರೊಂದಿಗೂ ಹಂಚಿಕೊಳ್ಳದ ನೊಬೆಲ್. ಮನೆಯಲ್ಲಿ ಫೋನ್ ಇರಲಿಲ್ಲ. ಸುದ್ದಿ ಕೇಳಿದ್ದು ರೇಡಿಯೋದಲ್ಲಿ. ಇಷ್ಟು ವರ್ಷ ಜೋಳದ ಗಿಡವನ್ನು ಪ್ರಶ್ನೆ ಕೇಳಿ ಅದು ಕೊಡುವ ಉತ್ತರ ನೋಡುತ್ತಾ ಸುಖಪಟ್ಟವಳಿಗೆ ಮೇಲೆ ಬಹುಮಾನ ಬೇರೆ ಕೊಡುವುದು ನ್ಯಾಯವಲ್ಲವೇನೋ ಎಂಬರ್ಥದ ಮಾತನ್ನು ಆಗ ಅವರು ಆಡಿದರು. ವಿನಯದ ಮಾತೆಂದು ಬಹಳ ಜನ ಓದಿಕೊಂಡರು. ಬದುವಿನ ಮೇಲೆ ನಿಂತು ಗೊತ್ತಿರುವವರಿಗೆ ಅದು ಬರೀ ವಾಸ್ತವ.

ಮಂಡ್ಯದ ನಮ್ಮ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ ಅಂಥವರೊಬ್ಬರಿದ್ದರು. ಸಿ.ಎಚ್. ಲಕ್ಷ್ಮಣಯ್ಯ, ಜನರ ಬಾಯಲ್ಲಿ ರಾಗಿ ಲಕ್ಷ್ಮಣಯ್ಯ. ರಾಗಿಯಲ್ಲಿ ಸಂಕರಣ ಮಾಡುವುದೆಂದರೆ ತಾಳ್ಮೆಯ ಪರೀಕ್ಷೆ. ಹೂವು ಎಷ್ಟು ಚಿಕ್ಕದೆಂದರೆ ಪರಾಗ ಬಿಡುವ ಕೇಸರ ಕೀಳಲು ಚಿಮಟ ಆಡುವುದು ಕಷ್ಟ. ಅರಳುವುದು ನಸುಕಿಗೂ ಮೊದಲು. ಜೊತೆಗೆ ತನ್ನ ಪರಾಗವನ್ನೇ ಬಳಸಿಕೊಳ್ಳುವ ಸ್ವಭಾವ ಬೇರೆ. ಎರಡು ತಳಿಯ ತೆನೆಗಳನ್ನು ಒತ್ತಟ್ಟಿಗೆ ಕಟ್ಟಿ, ಕಾಗದದ ಚೀಲ ಮುಚ್ಚಿ, ಎಲ್ಲೋ ನಾಲ್ಕು ಕಾಳಾದರೂ ಬೆರೆತಿರಲಿ ಎಂದು ಕಾಯುವುದು ಹಳೆಯ ವಿಧಾನ. ಬೆರೆತ ಕಾಳು ಯಾವುದು? ಗಂಡು ತಳಿಗೆ ಗಿಣ್ಣಿನಲ್ಲಿ ನೇರಳೆ ಬಣ್ಣವಿದ್ದು ಹೆಣ್ಣಿಗೆ ಇಲ್ಲದಿದ್ದರೆ, ಮುಂದಿನ ಸಸಿಮಡಿಯಲ್ಲಿ ಆ ಬಣ್ಣ ತೋರಿದ ಸಸಿಯೇ ಮಿಶ್ರ ಸಂತಾನ. ನೂರಾರು ಹಸಿರು ಸಸಿಗಳ ನಡುವೆ ಅದನ್ನು ಬಗ್ಗಿ ಬಗ್ಗಿ ಹುಡುಕಬೇಕು.

ಲಕ್ಷ್ಮಣಯ್ಯನವರು ನಾಡರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿದರು. ಹಾಗೆ ಬಂದದ್ದೇ ಇಂಡಾಫ್ ಸಾಲು. ಹಳೆ ಮೈಸೂರು ಸೀಮೆಯ ಯಾವ ಹಿರಿಯ ರೈತರನ್ನು ಕೇಳಿದರೂ ಇಂಡಾಫ್-5, ಇಂಡಾಫ್-9 ಎಂದು ನೆಂಟರ ಹೆಸರು ಹೇಳಿದಂತೆ ಹೇಳುತ್ತಾರೆ. ಆಮೇಲೆ ಬೆಂಗಳೂರಿನಿಂದ ಬಂದು, ಬೆಂಕಿ ರೋಗ ತಡೆದುಕೊಂಡು ಊರೂರು ಹಬ್ಬಿದ ರಾಗಿ ತಳಿ ಜಿಪಿಯು-28ರ ವಂಶದಲ್ಲೂ ಈ ಎರಡು ಇಂಡಾಫ್‌ಗಳಿವೆ. ಅಂದರೆ ಅವರ ಹೆಸರು ಕೇಳದ ಮನೆಯಲ್ಲೂ ಅವರ ಕೆಲಸ ಮುದ್ದೆಯಾಗಿ ತಟ್ಟೆಗೆ ಬಿದ್ದಿರುವ ಸಂಭವ ಬಹಳ. ಕೃಷಿಗೆಂದು ನೊಬೆಲ್ ಇಲ್ಲ. ಗೋಧಿ ತಳಿಗಳ ನಾರ್ಮನ್ ಬೋರ್ಲಾಗ್ ಅವರಿಗೂ 1970ರಲ್ಲಿ ಕೊಟ್ಟದ್ದು ಶಾಂತಿ ಪ್ರಶಸ್ತಿ.

ಅರ್ಥಶಾಸ್ತ್ರಜ್ಞರಿಗೆ ಬದುವೂ ಇಲ್ಲ, ಸೂಕ್ಷ್ಮದರ್ಶಕವೂ ಇಲ್ಲವಲ್ಲ, ಅವರ ಒಡನಾಟ ಯಾವುದರ ಜೊತೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು. ಒಳ್ಳೆಯ ಪ್ರಶ್ನೆ. ಅಮೆರಿಕದ ಎಲಿನಾರ್ ಆಸ್ಟ್ರಂ ಅವರದು ನೀರಿನ ಜೊತೆ. ಶಾಲೆಯಲ್ಲಿ ಹುಡುಗಿಗೆ ಹೆಚ್ಚಿನ ಗಣಿತ ಯಾಕೆಂದರು; ಮುಂದೆ ಗಣಿತ ಸಾಲದೆಂದು ಅರ್ಥಶಾಸ್ತ್ರದ ಪಿಎಚ್‌ಡಿಗೆ ಸೇರಿಸಿಕೊಳ್ಳಲಿಲ್ಲ. ರಾಜ್ಯಶಾಸ್ತ್ರಕ್ಕೆ ಹೋದರು. ಲಾಸ್ ಏಂಜಲೀಸ್ ಬಳಿ ಎಲ್ಲರೂ ಮಿತಿಮೀರಿ ಅಂತರ್ಜಲ ಎತ್ತಿ, ಸಮುದ್ರದ ಉಪ್ಪು ನೀರು ಒಳನುಗ್ಗುತ್ತಿತ್ತು. ಪಂಪು ಹಾಕಿದವರು ತಾವೇ ಕೂತು ಒಪ್ಪಂದಕ್ಕೆ ಬಂದ ಬಗೆಯನ್ನು ಅವರ ಸಭೆಗಳಲ್ಲಿ ಕೂತು ಕೇಳಿ ಬರೆದದ್ದೇ 1965ರ ಪ್ರಬಂಧ. ಯಾವ ಅರ್ಥಶಾಸ್ತ್ರ ಅವರನ್ನು ಒಳಗೆ ಬಿಡಲಿಲ್ಲವೋ ಅದೇ ಶಾಸ್ತ್ರದ ನೊಬೆಲ್ 2009ರಲ್ಲಿ ಬಂತು. ಆ ವಿಭಾಗದಲ್ಲಿ ಪಡೆದ ಮೊದಲ ಮಹಿಳೆ.

ಮಂಡ್ಯದವರು ಅವರನ್ನು ಓದಬೇಕಾದದ್ದು ಮಾತ್ರ ನೇಪಾಳದ ಕೆಲಸಕ್ಕಾಗಿ. ಅಲ್ಲಿ ರೈತರೇ ಮಣ್ಣು, ಕಲ್ಲು, ಮರದ ಕೊಂಬೆಯಿಂದ ಕಟ್ಟಿಕೊಂಡ ಕಾಲುವೆಗಳಿದ್ದವು. ಸರ್ಕಾರ ಕಾಂಕ್ರೀಟಿನಲ್ಲಿ ಕಟ್ಟಿಸಿದವೂ ಇದ್ದವು. ಒಟ್ಟಾರೆ ನೋಡಿದರೆ ಕೊನೆ ಭಾಗಕ್ಕೆ ನೀರು ಮುಟ್ಟಿಸುವುದರಲ್ಲಿ ಮಣ್ಣಿನವೇ ಮೇಲು. ಕಾರಣ ಸರಳ. ಪ್ರತಿವರ್ಷ ಕೊಚ್ಚಿಹೋಗುವ ಕಟ್ಟೆಯನ್ನು ಮತ್ತೆ ಕಟ್ಟಲು ಮೇಲುಭಾಗದವನಿಗೆ ಕೆಳಭಾಗದವನ ಕೈಬೇಕು, ಹಾಗಾಗಿ ನೀರು ಬಿಡಲೇಬೇಕು. ಕಾಂಕ್ರೀಟ್ ಬಂದ ಮೇಲೆ ಆ ಕೈಯ ಹಂಗು ಹೋಯಿತು.

ನಾಲೆಗೆ ನೀರು ಬಿಟ್ಟ ಮೇಲೂ ಕೊನೆ ಭಾಗ ಒಣಗಿದೆ ಎಂಬ ಮದ್ದೂರು, ಮಳವಳ್ಳಿ ಕಡೆಯ ಕೂಗು ನಮಗೆ ಹೊಸದಲ್ಲ. ಅದನ್ನು ಎಂಜಿನಿಯರುಗಳ ಸಮಸ್ಯೆ ಎಂದುಕೊಂಡಿದ್ದೇವೆ. ಹಿಂದೆ ಕೆರೆಯ ತೂಬು ಎತ್ತುವ ನೀರಗಂಟಿಗೆ ಊರೇ ಕಾಳು ಅಳೆದು ಕೊಡುತ್ತಿತ್ತು. ಅವನು ಪಕ್ಷಪಾತ ಮಾಡಿದರೆ ಕಣದಲ್ಲಿ ಉತ್ತರ ಹೇಳಬೇಕಿತ್ತು. ಹಳೆಯದೆಲ್ಲ ಚಿನ್ನವೆಂದು ನಾನು ಹೇಳುವುದಿಲ್ಲ, ಆ ನೀರಿನಲ್ಲಿ ಯಾವ ಜಾತಿಗೆ ಎಷ್ಟು ಪಾಲು ಎಂಬುದೂ ಇತ್ತು. ಆದರೆ ನೀರು ಹಂಚುವುದು ಜನರ ನಡುವಿನ ಲೆಕ್ಕ ಎಂಬುದನ್ನು ಆಸ್ಟ್ರಂ ಗದ್ದೆ ಬದುಗಳಲ್ಲಿ ಕಲಿತರು.

ಅಮರ್ತ್ಯ ಸೇನ್ ಅವರ ಕಥೆ ಎಲ್ಲರಿಗೂ ಗೊತ್ತು: ಒಂಬತ್ತರ ವಯಸ್ಸಿನಲ್ಲಿ 1943ರ ಬಂಗಾಳದ ಬರಗಾಲ ಕಂಡದ್ದು, ಢಾಕಾದ ಮನೆಗೆ ಇರಿತದ ಗಾಯದೊಂದಿಗೆ ಓಡಿಬಂದ ಕೂಲಿಕಾರ ಕಾದರ್ ಮಿಯಾ. ಬಾಲ್ಯದ ಕಥೆಗಳ ಮೇಲಿನ ನನ್ನ ತಕರಾರಿಗೆ ಇದು ಅಪವಾದ. ಆದರೂ ಆ ಬರಗಾಲ ಕಂಡ ಮಕ್ಕಳು ಲಕ್ಷಾಂತರ. ಸ್ಟಾಕ್‌ಹೋಮಿನ ನೊಬೆಲ್ ವಸ್ತುಸಂಗ್ರಹಾಲಯಕ್ಕೆ ಸೇನ್ ಕೊಟ್ಟದ್ದರಲ್ಲಿ ಒಂದು ಹಳೆಯ ಸೈಕಲ್ ಇದೆ. ಬರಗಾಲದ ಕಾಲದ ಕೂಲಿ ದರಗಳನ್ನು ಹುಡುಕಲು, ಹಳ್ಳಿಗಳಲ್ಲಿ ಗಂಡು ಹೆಣ್ಣು ಮಕ್ಕಳ ತೂಕ ನೋಡಲು ಅವರು ಸುತ್ತಿದ ಸೈಕಲ್ ಅದು. ನಾಡಿನಲ್ಲಿ ಧಾನ್ಯ ತೀರಾ ಕಡಿಮೆಯೇನೂ ಆಗಿರಲಿಲ್ಲ, ಕೂಲಿಯವನ ಕೈಯಲ್ಲಿ ಅದನ್ನು ಕೊಳ್ಳುವ ಕಾಸಿರಲಿಲ್ಲ ಎಂಬ ತೀರ್ಮಾನ ಅಂಥ ಲೆಕ್ಕಗಳಿಂದ ಹುಟ್ಟಿತು. ಕನಿಕರ ಮನುಷ್ಯನನ್ನು ಒಂದು ವಿಷಯದ ಬಾಗಿಲಿಗೆ ತಂದು ಬಿಡಬಹುದು. ದಶಕಗಟ್ಟಲೆ ಒಳಗೆ ಕೂರಿಸುವುದು ಲೆಕ್ಕದ ರುಚಿಯೇ.

ಇನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಅವರ 2019ರ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ನಮ್ಮ ಕಸುಬಿಗೂ ಸಣ್ಣ ಪಾಲಿದೆ ಎಂದು ಹೇಳಿ ಹೆಮ್ಮೆಪಡುತ್ತೇನೆ. ಯಾವ ಹಳ್ಳಿಗೆ ಯಾವ ಸೌಲಭ್ಯ ಎಂಬುದನ್ನು ಚೀಟಿ ಎತ್ತಿದಂತೆ ಹಂಚಿ ಫಲಿತಾಂಶ ಹೋಲಿಸುವ ಅವರ ವಿಧಾನವನ್ನು 1920ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ ಗಟ್ಟಿಗೊಳಿಸಿದ್ದು ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಕೇಂದ್ರದ ತಾಕುಗಳಲ್ಲಿ.

ಆಸೆಯೇ ಇಲ್ಲದವರೇನೂ ಅಲ್ಲ ಇವರು. ಸಿ.ವಿ. ರಾಮನ್ ಅವರಿಗೆ ಪ್ರಶಸ್ತಿ ಬೇಕಿತ್ತು, ಮುಚ್ಚಿಡಲೂ ಇಲ್ಲ. 1930ರಲ್ಲಿ ಪ್ರಕಟಣೆಗೆ ಮೊದಲೇ ಹಡಗಿನ ಟಿಕೆಟ್ ಕಾಯ್ದಿರಿಸಿದ್ದರೆಂಬ ಮಾತು ಪ್ರಸಿದ್ಧ. ಆದರೆ ಅದಕ್ಕೂ ಮುಂಚೆ, 1907ರಿಂದ ಹತ್ತು ವರ್ಷ, ಅವರು ಬಹುಪಾಲು ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿ. ಬೆಳಿಗ್ಗೆ ಸಂಜೆ ಪ್ರಯೋಗಶಾಲೆ, ನಡುವೆ ಕಚೇರಿ. ಆಮೇಲೆ ಕಡಿಮೆ ಸಂಬಳದ ಪ್ರಾಧ್ಯಾಪಕ ಹುದ್ದೆಗೆ ಹೋದರು. ಮದ್ದೂರು ಕಡೆಯ ತಂದೆಯೊಬ್ಬರು ಭಾಷಣ ಮುಗಿದ ಮೇಲೆ ಬಂದು, "ಸಾರ್, ನಮ್ ಹುಡುಗಂಗೆ ನೊಬೆಲ್ಲು ಗಿಬೆಲ್ಲು ಬ್ಯಾಡಿ, ಒಂದು ಕೆಲ್ಸ ಸಿಕ್ರೆ ಸಾಕು" ಎಂದಾಗ ನಾನು ಹೇಳಿದ್ದು ಇದನ್ನೇ: "ಕೆಲ್ಸಕ್ಕೆ ಸೇರ್ಲಿ ಗೌಡ್ರೇ, ರಾಮನ್ನರೂ ಸೇರಿದ್ರು."

ನನಗೆ ಹೆಚ್ಚು ಚಿಂತೆಯಾಗುವುದು ಹುಡುಗರ ಆಸೆಯ ಬಗ್ಗೆ ಅಲ್ಲ, ಒಡನಾಟಕ್ಕೆ ಜಾಗ ಎಲ್ಲಿದೆ ಎಂಬ ಬಗ್ಗೆ. ಬೋರ್ಲಾಗ್ ಮೆಕ್ಸಿಕೋದಲ್ಲಿ ಒಂದೇ ವರ್ಷದಲ್ಲಿ ಎರಡು ಕಡೆ ಗೋಧಿ ಬೆಳೆಯಲು ಹೊರಟಾಗ, ಚಳಿಗಾಲದಲ್ಲಿ ಸೊನೋರಾದ ಬಯಲು, ಬೇಸಿಗೆಯಲ್ಲಿ ಟೊಲುಕಾದ ಎತ್ತರ, ಮೇಲಧಿಕಾರಿ ಒಪ್ಪಲಿಲ್ಲ. ರಾಜೀನಾಮೆಯವರೆಗೂ ಹೋಗಿ ಕೊನೆಗೆ ಅನುಮತಿ ಸಿಕ್ಕಿತು. ಹಗಲಿನ ಉದ್ದ ಎಷ್ಟೇ ಇದ್ದರೂ ಬೆಳೆಯುವ ಗೋಧಿ, ಆಮೇಲೆ ಪಂಜಾಬಿಗೂ ಹೊಂದಿಕೊಂಡ ಗೋಧಿ, ಬಂದದ್ದು ಆ ಓಡಾಟದಿಂದ. ಮೆಕ್‌ಕ್ಲಿಂಟಾಕ್ ಪ್ರಕಟಿಸದೆ ಕೂತ ಕಾಲದಲ್ಲೂ ಅವರ ಹೊಲವನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಇವತ್ತು ನಮ್ಮಲ್ಲಿ ಅನುದಾನದ ಯೋಜನೆ ಸಾಮಾನ್ಯವಾಗಿ ಮೂರು ವರ್ಷ, ತಳಿಯೊಂದಕ್ಕೆ ಬೇಕಾದದ್ದು ಎಂಟೋ ಹತ್ತೋ. ನಡುವೆ ವರ್ಗಾವಣೆಯಾದರೆ ಹೊಸಬರಿಗೆ ಸಿಗುವುದು ನೋಂದಣಿ ಪುಸ್ತಕ ಮಾತ್ರ.

ನೊಬೆಲ್ ನಿಯಮದಂತೆ ಒಂದು ಪ್ರಶಸ್ತಿಯನ್ನು ಮೂವರಿಗಿಂತ ಹೆಚ್ಚು ಜನರಿಗೆ ಹಂಚುವಂತಿಲ್ಲ. ತಳಿಯೊಂದರ ಹಿಂದಿನ ಕೈಗಳು ಅದಕ್ಕಿಂತ ಹೆಚ್ಚು. ಭತ್ತದ ಸಂಕರಣದಲ್ಲಿ ಹೂವಿನ ತುದಿ ಕತ್ತರಿಸಿ ಕೇಸರ ತೆಗೆದು, ಮಾರನೆಯ ದಿನ ಪರಾಗ ಕೊಡವುವ ಕೈ ಬಹುಪಾಲು ಫಾರಂ ಕೆಲಸದ ಹೆಂಗಸರದು. ಇಪ್ಪತ್ತು ವರ್ಷ ಅದನ್ನೇ ಮಾಡಿದ ಕಣ್ಣು ರೋಗದ ಗಿಡವನ್ನು ನಮಗಿಂತ ಮೊದಲೇ ಗುರುತಿಸುತ್ತದೆ. ಅವರಲ್ಲಿ ಎಷ್ಟೋ ಜನ ದಿನಗೂಲಿಯವರು. ಹಲವು ಕಡೆ ಈಗ ಹೊರಗುತ್ತಿಗೆಯ ಪದ್ಧತಿ ಬಂದು, ಗುತ್ತಿಗೆದಾರ ಬದಲಾದಾಗ ಮಡಿಯಲ್ಲಿ ಇಳಿಯುವವರೂ ಬದಲಾಗುತ್ತಾರೆ. ಆ ಹಂಗಾಮಿನಲ್ಲಿ ಕೇಸರ ತೆಗೆಯುವುದನ್ನು ಮೊದಲಿನಿಂದ ಹೇಳಿಕೊಡಬೇಕು.