ಆಲೂಗಡ್ಡೆ ಬೆಳೆ ಉಳಿಕೆ ಜಾಸ್ತಿ ಅಂದರೆ ಗಡ್ಡೆ ಹಾಳಾಗುತ್ತಿದೆ ಅಂತಲೇ?

ಪ್ರಶ್ನೆ: ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಅಂಶದಲ್ಲಿ ಈಜಿಪ್ಟ್ ಮತ್ತು ರುವಾಂಡಾದ ಆಲೂಗಡ್ಡೆ ಬೆಳೆ ಉಳಿಕೆಯನ್ನು 1961ರಿಂದ ಹೋಲಿಸಿ ನೋಡುತ್ತಿದ್ದೇನೆ. ಉಳಿಕೆ ಜಾಸ್ತಿ ಇರುವ ದೇಶ ಆಲೂಗಡ್ಡೆಯನ್ನು ಜಾಸ್ತಿ ಹಾಳು ಮಾಡುತ್ತಿದೆ ಎನ್ನಬಹುದೇ?

ಉತ್ತರ: ಹಾಗೆ ಹೇಳಲು ಬರುವುದಿಲ್ಲ. ಉಳಿಕೆ ಅಂದಾಗ ಕೊಳೆತ ಗಡ್ಡೆಯ ರಾಶಿ ಕಣ್ಣ ಮುಂದೆ ಬರುತ್ತದೆ, ಅಲ್ವಾ? ಈ ಪಟ್ಟಿಯಲ್ಲಿ ಇರುವುದು ಗಡ್ಡೆ ಕಿತ್ತ ಮೇಲೆ ಹೊಲದಲ್ಲೇ ಉಳಿಯುವ ಕಾಂಡ, ಎಲೆ, ಬೇರಿನ ಲೆಕ್ಕ. ಅವು ಕೊಳೆತಾಗ ಅವುಗಳಲ್ಲಿನ ಸಾರಜನಕ ಮಣ್ಣು ಸೇರುತ್ತದೆ. ಅದರಲ್ಲಿ ಶೇ 1ರಷ್ಟು ನೈಟ್ರಸ್ ಆಕ್ಸೈಡ್ ಅನಿಲವಾಗಿ ಮೇಲೆ ಹೋಗುತ್ತದೆ ಎಂದು ಹಿಡಿಯುತ್ತಾರೆ. ತೂಕಕ್ಕೆ ತೂಕ ನೋಡಿದರೆ ಈ ಅನಿಲ 100 ವರ್ಷಗಳಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಉಳಿಕೆಯನ್ನು ಸಾರಜನಕದ ಕಿಲೋಗಳಲ್ಲಿ ಬರೆಯುವುದು ಇದೇ ಕಾರಣಕ್ಕೆ.

ಇನ್ನೊಂದು ಮಾತು. ಹೊಲಕ್ಕೆ ಹೋಗಿ ಇದನ್ನು ಯಾರೂ ತೂಗಿ ನೋಡಿಲ್ಲ. ಕೊಯ್ಲಾದ ಜಮೀನು ಎಷ್ಟು, ಇಳುವರಿ ಎಷ್ಟು ಎಂಬುದನ್ನು ಹಿಡಿದು ಐಪಿಸಿಸಿಯ (ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ತಜ್ಞರ ಸಮಿತಿ) 2006ರ ಮಾರ್ಗಸೂಚಿಯ ಸೂತ್ರಕ್ಕೆ ಹಾಕುತ್ತಾರೆ. ನಿಮ್ಮ ಹೋಲಿಕೆಯ ಕೀಲಿ ಇರುವುದು ಆ ಸೂತ್ರದಲ್ಲೇ. ಆಲೂಗಡ್ಡೆಯಲ್ಲಿ ಒಣ ಪದಾರ್ಥ ಶೇ 22. ಅದರ ಹತ್ತನೇ ಒಂದು ಭಾಗಕ್ಕೆ ಹೆಕ್ಟೇರಿಗೆ 1.06 ಟನ್ ಕೂಡಿಸಿದರೆ, ನೆಲದ ಮೇಲಿನ ಒಣ ಉಳಿಕೆ ಸಿಗುತ್ತದೆ; ಪಟ್ಟಿಯಲ್ಲಿನ ಸಾರಜನಕದ ಲೆಕ್ಕ ಹುಟ್ಟುವುದು ಇಂಥ ಒಣ ತೂಕದಿಂದಲೇ. ಆ 1.06 ಟನ್ ಇಳುವರಿ ಎಷ್ಟೇ ಇದ್ದರೂ ಬದಲಾಗುವುದಿಲ್ಲ.

ಈಗ ಲೆಕ್ಕ ಹಾಕಿ ನೋಡಿ. ಈಜಿಪ್ಟ್‌ನಲ್ಲಿ ನೈಲ್ ನೀರು, ಕಾಲುವೆ, ಯುರೋಪಿನಿಂದ ತರಿಸಿದ ಬಿತ್ತನೆ ಗಡ್ಡೆ. ಇಳುವರಿ ಹೆಕ್ಟೇರಿಗೆ 28 ಟನ್ ಎಂದುಕೊಳ್ಳಿ. ನೆಲದ ಮೇಲಿನ ಒಣ ಉಳಿಕೆ ಹೆಕ್ಟೇರಿಗೆ ಸುಮಾರು 1,680 ಕಿಲೋ. ರುವಾಂಡಾದ ಮುಸಾಂಜೆ ಕಡೆಯ ಜ್ವಾಲಾಮುಖಿ ಬೆಟ್ಟಗಳಲ್ಲಿ ಮಳೆಯೇ ಆಧಾರ, ಅಂಗಮಾರಿ ರೋಗದ ಕಾಟ ಬೇರೆ. ಅಲ್ಲಿ 10 ಟನ್ ಎಂದಿಟ್ಟುಕೊಳ್ಳಿ. ಉಳಿಕೆ 1,280 ಕಿಲೋ. ಹೆಕ್ಟೇರಿಗೆ ಈಜಿಪ್ಟ್‌ನದೇ ಜಾಸ್ತಿ. ಆದರೆ ಒಂದು ಟನ್ ಗಡ್ಡೆಗೆ ಎಷ್ಟು ಅಂತ ನೋಡಿದರೆ ಈಜಿಪ್ಟ್‌ಗೆ 60 ಕಿಲೋ, ರುವಾಂಡಾಕ್ಕೆ 128 ಕಿಲೋ! ರುವಾಂಡಾದ ರೈತ ಏನೂ ಹಾಳು ಮಾಡಿಲ್ಲ. ಅವನ ಗಿಡದಲ್ಲಿ ಗಡ್ಡೆ ಕಮ್ಮಿ ಬಿಟ್ಟಿದೆ, ಅಷ್ಟೇ.

ಕಾಲಕ್ರಮದ ಗೆರೆಯನ್ನು ಓದುವಾಗಲೂ ಇದು ನೆನಪಿರಲಿ. ಇಳುವರಿ ಅಷ್ಟೇ ಇದ್ದು ಜಮೀನು ಎರಡರಷ್ಟಾದರೆ ಉಳಿಕೆಯೂ ಎರಡರಷ್ಟಾಗುತ್ತದೆ. ಅದೇ ಜಮೀನಿನಲ್ಲಿ ಇಳುವರಿ 10ರಿಂದ 20 ಟನ್‌ಗೆ ಏರಿದರೆ ನೆಲದ ಮೇಲಿನ ಉಳಿಕೆ ಏರುವುದು ಶೇ 17ರಷ್ಟು ಮಾತ್ರ. ವರ್ಷಕ್ಕೆ ಎರಡು ಬೆಳೆ ತೆಗೆದರೆ ಒಂದೇ ಹೊಲ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ತಳಿ ಬದಲಾಗಿ ಗಿಡ ಗಿಡ್ಡವಾಗಿದ್ದರೂ ಸೂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಹಾಗಾಗಿ ಕೊಯ್ಲಾದ ಜಮೀನು ಮತ್ತು ಇಳುವರಿಯ ಸಾಲುಗಳನ್ನು ಪಕ್ಕದಲ್ಲೇ ಇಟ್ಟುಕೊಂಡು ಓದಿ.

ಗೆರೆ ಕೆಳಗಿಳಿದಾಗ ‘ಒಳ್ಳೆಯದಾಯಿತು’ ಎಂದು ತಕ್ಷಣ ಬರೆಯಬೇಡಿ. 1994ರಲ್ಲಿ ರುವಾಂಡಾದಲ್ಲಿ ನರಮೇಧ ನಡೆಯಿತು. ಲಕ್ಷಾಂತರ ಜನ ಸತ್ತರು, ಇನ್ನೂ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಬಿತ್ತುವವರೇ ಇಲ್ಲದ ಹೊಲದಲ್ಲಿ ಉಳಿಕೆ ಎಲ್ಲಿಂದ ಬರಬೇಕು?