ಮಹಾಯಾಜಕನ ಕಾಲಿಗೆ ಹಗ್ಗ ಕಟ್ಟಿದ್ದು ಯಾರು?

ಯೆರೂಸಲೇಮಿನಲ್ಲಿದ್ದ ಯೆಹೂದ್ಯರ ಪ್ರಾಚೀನ ದೇವಾಲಯದ ಬಗ್ಗೆ ಒಂದು ಕಥೆ ಸುತ್ತುತ್ತಲೇ ಇರುತ್ತದೆ. ಮಹಾಯಾಜಕ ವರ್ಷಕ್ಕೊಮ್ಮೆ ಗರ್ಭಗುಡಿಗೆ ಹೋಗುವಾಗ ಕಾಲಿಗೆ ಹಗ್ಗ ಕಟ್ಟುತ್ತಿದ್ದರಂತೆ. ಅಂಗಿಯ ಗಂಟೆಗಳ ಸದ್ದು ನಿಂತರೆ ಆಸಾಮಿ ಸತ್ತ ಅಂತ ಲೆಕ್ಕ, ಹೊರಗಿನಿಂದಲೇ ಹೆಣ ಎಳೆಯುತ್ತಿದ್ದರಂತೆ.

ಮಜವಾಗಿದೆ ಅಲ್ವಾ? ಆದರೆ ಬೈಬಲಿನ ಯಾಜಕಕಾಂಡದ 16ನೇ ಅಧ್ಯಾಯದ ಪ್ರಕಾರ ಆ ದಿನ ಅವನು ಒಳಗೆ ಹೋಗುತ್ತಿದ್ದುದು ಸಾದಾ ನಾರುಬಟ್ಟೆಯಲ್ಲಿ. ಗಂಟೆಯೇ ಇಲ್ಲದ ಮೇಲೆ ಸದ್ದು ನಿಲ್ಲುವುದೆಲ್ಲಿಂದ ಬಂತು? ಹಗ್ಗವಂತೂ ಬೈಬಲಿನಲ್ಲೂ ಇಲ್ಲ, ಯೆಹೂದ್ಯರ ಧರ್ಮಶಾಸ್ತ್ರ ಚರ್ಚೆಗಳ ಸಂಗ್ರಹವಾದ ತಾಲ್ಮುದಿನಲ್ಲೂ ಇಲ್ಲ. ಅದು ಸಿಗುವುದು 13ನೇ ಶತಮಾನದ ಸ್ಪೇನಿನಲ್ಲಿ ಬೆಳಕಿಗೆ ಬಂದ ಜೋಹರ್ ಎಂಬ ಯೆಹೂದಿ ಅನುಭಾವ ಗ್ರಂಥದಲ್ಲಿ. ರೋಮನ್ನರು ದೇವಾಲಯ ಸುಟ್ಟದ್ದು ಕ್ರಿ.ಶ. 70ರಲ್ಲಿ!

ಗಂಟೆಗಳೇನೋ ಇದ್ದವು. ಆದರೆ ಅವು ದಿನನಿತ್ಯದ ಸೇವೆಯ ನೀಲಿ ನಿಲುವಂಗಿಗೆ. ಬೈಬಲಿನದೇ ಇನ್ನೊಂದು ಭಾಗವಾದ ವಿಮೋಚನಕಾಂಡ ಹೇಳುವಂತೆ, ಅಂಚಿನ ಸುತ್ತ ಒಂದು ಚಿನ್ನದ ಗಂಟೆ, ಒಂದು ಬಣ್ಣದ ನೂಲಿನ ದಾಳಿಂಬೆ, ಮತ್ತೆ ಗಂಟೆ. ಅವನು ಒಳಗೆ ಹೋಗುವಾಗ, ಬರುವಾಗ ಸದ್ದು ಕೇಳಿಸಬೇಕು, 'ಅವನು ಸಾಯದಂತೆ'. ಹೇಳದೆ ಕೇಳದೆ ದೇವರ ಮುಂದೆ ನುಗ್ಗಬಾರದು, ಅಷ್ಟೇ. ಹಗ್ಗದ ಕಥೆಗೆ ಬೀಜ ಇದೇ ಇರಬೇಕು.

ನನಗೆ ಜಾಸ್ತಿ ಕುತೂಹಲ ಆ ಚಿನ್ನದ್ದು. ನಾಲಗೆ ಬಡಿದಾಗ ಗಂಟೆಯ ಗೋಡೆ ಬಾಗಿ, ಮತ್ತೆ ಪುಟಿದು, ಹಾಗೇ ನಡುಗುತ್ತದೆ. ನಾವು ಕೇಳುವುದು ಆ ನಡುಕವನ್ನು. ಚಿನ್ನ ಭಾರ, ಮೆತ್ತಗೆ. ಅದರ ಗೋಡೆ ನಿಧಾನವಾಗಿ ನಡುಗುತ್ತದೆ, ಬೇಗ ಸುಮ್ಮನಾಗುತ್ತದೆ. ಅದೇ ಅಳತೆಯ ಕಂಚಿನ ಗಂಟೆಯ ಸ್ವರ ಇದಕ್ಕಿಂತ ಎತ್ತರ. ಗಂಟೆ ಪುಟ್ಟದಾದಷ್ಟೂ ಸ್ವರ ಮೇಲೇರುತ್ತದೆ; ಎಲ್ಲ ಅಳತೆಯೂ ಅರ್ಧವಾದರೆ ಕಂಪನ ದುಪ್ಪಟ್ಟು. ಹಾಗಾಗಿ ಚಿನ್ನದ್ದಾದರೂ ಪುಟ್ಟ ಗಂಟೆ ಕಿಣಿಕಿಣಿ ಅನ್ನುತ್ತದೆ.

ಇಲ್ಲೊಂದು ಹಳೇ ಜಗಳವಿದೆ, ರಾಶಿ ಮತ್ತು ನಹ್ಮಾನಿಡೀಸ್ ಎಂಬ ಇಬ್ಬರು ಮಧ್ಯಯುಗದ ಯೆಹೂದಿ ವ್ಯಾಖ್ಯಾನಕಾರರದ್ದು. ಗಂಟೆ ದಾಳಿಂಬೆಗಳ ನಡುವೆ ತೂಗುತ್ತಿತ್ತು ಅಂತ ರಾಶಿ, ದಾಳಿಂಬೆಯ ಒಳಗೇ ಇತ್ತು ಅಂತ ನಹ್ಮಾನಿಡೀಸ್. ನನ್ನ ಓಟು ರಾಶಿಗೆ. ನೂಲು ತಗುಲಿದರೆ ಗೋಡೆಯ ನಡುಕ ಅಲ್ಲೇ ಸಾಯುತ್ತದೆ.

2011ರಲ್ಲಿ ಯೆರೂಸಲೇಮಿನ ಹಳೇ ಚರಂಡಿಯೊಂದರಲ್ಲಿ ಸುಮಾರು ಒಂದು ಸೆಂಟಿಮೀಟರಿನ ಚಿನ್ನದ ಗಂಟೆ ಸಿಕ್ಕಿತು. ರೋಮನ್ನರು ಸುಟ್ಟ ಆ ದೇವಾಲಯದ, ಅಂದರೆ ಎರಡನೇ ದೇವಾಲಯದ ಕಾಲದ್ದು. ಅಲುಗಿಸಿದರೆ ಈಗಲೂ ಸದ್ದಾಗುತ್ತದೆ. ಯಾರೋ ದೊಡ್ಡ ಮನುಷ್ಯನ ಬಟ್ಟೆಯಿಂದ ಉದುರಿದ್ದಿರಬಹುದು. ಮಹಾಯಾಜಕನದೇ ಅನ್ನಲು ಮಾತ್ರ ಆಧಾರವಿಲ್ಲ.

ಜನರನ್ನು ಕರೆಯಲು ದೇವಾಲಯದಲ್ಲಿ ಗಂಟೆ ಬಾರಿಸುತ್ತಿರಲಿಲ್ಲ. ಅದಕ್ಕೆ ಬೆಳ್ಳಿಯ ತುತೂರಿ, ಟಗರಿನ ಕೊಂಬು ಇದ್ದವು. ದೇವಾಲಯದ ಹೊರಗೆ ಪ್ರಾಣಿಗಳಿಗೂ ಗಂಟೆ ಕಟ್ಟುತ್ತಿದ್ದರು. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನಂದು ಕತ್ತೆ ಗಂಟೆ ಕಟ್ಟಿಕೊಂಡು ಹೊರಗೆ ಹೋಗಬಾರದು, ಸದ್ದಾಗದಂತೆ ಗಂಟೆಗೆ ಏನಾದರೂ ತುರುಕಿದ್ದರೂ ಹೋಗಬಾರದು, ಅನ್ನುತ್ತದೆ ಯೆಹೂದ್ಯರ ಹಳೇ ಕಟ್ಟಳೆಗಳ ಸಂಗ್ರಹ ಮಿಶ್ನಾ. ಕಾರಣ ತಾಲ್ಮುದಿನಲ್ಲಿದೆ: ಸಂತೆಗೆ ಹೊರಟ ಹಾಗೆ ಕಾಣುತ್ತದಂತೆ.