ಡೈರಿಯಲ್ಲಿ ಎಲ್ಲ ಮಕ್ಕಳೂ ಸ್ಪಂದಿಸುತ್ತಾರೆ

‘ಇಂದಿನ ಚಟುವಟಿಕೆ ಚೆನ್ನಾಗಿ ನಡೆಯಿತು. ಮಕ್ಕಳು ಸ್ಪಂದಿಸಿದರು. ನನ್ನ ಆತ್ಮವಿಶ್ವಾಸ ಹೆಚ್ಚಿತು.’

ಈ ಮೂರು ಸಾಲನ್ನು ಎಷ್ಟು ಡೈರಿಗಳಲ್ಲಿ ಓದಿದ್ದೇನೋ ಲೆಕ್ಕವಿಲ್ಲ. ಆರು ವರ್ಷದೊಳಗಿನ ವಿಶೇಷ ಮಕ್ಕಳಿಗೆ ಕಲಿಸಲು ಬರುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅಭ್ಯಾಸ ಪಾಠ ನೋಡಲು ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿವರೆಗೂ ಬಸ್ಸಿನಲ್ಲಿ ಓಡಾಡುತ್ತೇನೆ. ವಾಪಸ್ ಬರುವಾಗ, ಅವರು ತಮ್ಮ ಪಾಠದ ಬಗ್ಗೆ ಬರೆದ ಈ ಡೈರಿಗಳು ತೊಡೆಯ ಮೇಲೆ. ಕೆಲವು ಸಲ ಕಿಟಕಿಯಿಂದಾಚೆ ಎಸೆದುಬಿಡೋಣ ಅನ್ನಿಸುತ್ತದೆ.

ಹೀಗೆ ಬರೆಯಬೇಡಿ ಅಂದರೆ ಇನ್ನೊಂದು ತುದಿಗೆ ಹೋಗುತ್ತಾರೆ. ‘ನನ್ನಿಂದ ತಪ್ಪಾಯಿತು, ಇನ್ನು ಮುಂದೆ ತಾಳ್ಮೆ ಬೆಳೆಸಿಕೊಳ್ಳುತ್ತೇನೆ.’ ಇದು ತಪ್ಪೊಪ್ಪಿಗೆ ಆಯಿತು, ಅಲ್ವಾ? ಎರಡರಲ್ಲೂ ಮಗುವೇ ಕಾಣಿಸುವುದಿಲ್ಲ.

ನಾನು ಕೇಳುವುದು ಇಷ್ಟೇ. ಮಗು ಏನು ಮಾಡಿತು? ಅದಕ್ಕೆ ಸ್ವಲ್ಪ ಮುಂಚೆ ನೀವೇನು ಮಾಡಿದಿರಿ? ನಾಳೆ ಅದರಲ್ಲಿ ಯಾವ ಒಂದನ್ನು ಬದಲಿಸುತ್ತೀರಿ? ಒಂದನ್ನು ಮಾತ್ರ. ಮೂರು ಬದಲಿಸಿದರೆ ಯಾವುದರಿಂದ ಕೆಲಸ ಆಯಿತು ಅಂತ ತಿಳಿಯುವುದಿಲ್ಲ.

ಬಾಗೇಪಲ್ಲಿ ಕಡೆಯ ಒಂದು ಅಂಗನವಾಡಿ. ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಬೆಳವಣಿಗೆ ಮತ್ತು ಕಲಿಕೆ ನಿಧಾನವಾಗುವ ಸ್ಥಿತಿ) ಇರುವ ನಾಲ್ಕು ವರ್ಷದ ಹುಡುಗ. ‘ಮಗು ಸೂಚನೆ ಪಾಲಿಸುವುದಿಲ್ಲ’ ಅಂತ ಡೈರಿ ಹೇಳುತ್ತಿತ್ತು. ನಾನು ಅಲ್ಲೇ ಕೂತಿದ್ದೆ. ತರಬೇತಿಗೆ ಬಂದ ನಮ್ಮ ಹುಡುಗಿ ‘ಇಲ್ಲಿ ಬಾ’ ಅಂತ ಒಂದೇ ಉಸಿರಿಗೆ ನಾಲ್ಕು ಸಲ ಕರೆದಳು. ಮೂರನೇ ಸಲಕ್ಕೆ ಅವನು ಏಳಲು ನೆಲಕ್ಕೆ ಕೈ ಊರಿದ್ದ. ನಾಲ್ಕನೆಯದಕ್ಕೆ ಇವಳೇ ಹೋಗಿ ತೋಳು ಹಿಡಿದು ಎಳೆದಳು. ಇಂಥ ಮಕ್ಕಳ ಸ್ನಾಯುಗಳು ಸಾಮಾನ್ಯವಾಗಿ ಸಡಿಲ. ಕೇಳಿದ್ದು ತಲೆಗೆ ಹೋಗಲೂ ಹೊತ್ತು ಬೇಕು, ಮೈ ಏಳಲೂ ಹೊತ್ತು ಬೇಕು. ಒಂದೇ ಸಲ ಕರೆದು ಮನಸ್ಸಿನಲ್ಲಿ ಹತ್ತು ಎಣಿಸು ಅಂದೆ. ಏಳಕ್ಕೆ ಎದ್ದ.

ಮಧ್ಯಾಹ್ನ ಅಜ್ಜಿ ಬಂದು ಬಾಗಿಲಲ್ಲೇ ನಿಂತು ‘ರಾ ನಾಯನಾ’ ಅಂದಳು. ಮೂರಕ್ಕೇ ಎದ್ದ! ಮನೆಯಲ್ಲಿ ತೆಲುಗು; ‘ರಾ’ ಅಂದರೆ ‘ಬಾ’. ನಮ್ಮ ಹುಡುಗಿ ತುಮಕೂರು ಕಡೆಯವಳು, ವಿಚಾರಿಸಿಯೇ ಇರಲಿಲ್ಲ. ಹಾಗಂತ ಎಲ್ಲಕ್ಕೂ ಭಾಷೆಯೇ ಕಾರಣ ಅಂತ ನಾನು ಹೇಳಲಾರೆ. ಅಜ್ಜಿ ಬಂದಳೆಂದರೆ ಮನೆಗೆ ಹೋಗುವ ಹೊತ್ತು ಅಂತಲೂ ಅವನಿಗೆ ಗೊತ್ತು. ಡೌನ್ ಸಿಂಡ್ರೋಮ್ ಇರುವವರಲ್ಲಿ ಕಿವಿಯ ತೊಂದರೆ ಜಾಸ್ತಿ, ಹಾಗಾಗಿ ಆ ಪರೀಕ್ಷೆ ಆಗಿದೆಯಾ ಅಂತಲೂ ಕೇಳಬೇಕು.

ಅಂದು ಅವಳು ಬರೆದದ್ದು: ‘ಒಂದು ಸಲ ಕರೆದೆ. ಏಳು ಎಣಿಸುವಷ್ಟರಲ್ಲಿ ಎದ್ದ. ನಾಳೆ “ರಾ” ಅಂತ ಕರೆದು ನೋಡುತ್ತೇನೆ.’ ಆತ್ಮವಿಶ್ವಾಸ ಅನ್ನುವ ಪದವೇ ಇಲ್ಲ. ಆದರೆ ಮಾರನೆಯ ದಿನ ನಾನು ಹೋಗುವ ಮುಂಚೆಯೇ ಕೆಲಸ ಶುರು ಮಾಡಿದ್ದಳು. ಧೈರ್ಯ ಬರುವುದು ಹೊಗಳಿಕೆಗಿಂತ ಹೆಚ್ಚಾಗಿ, ಕೈಯಾರೆ ಮಾಡಿ ಗೆದ್ದದ್ದರಿಂದ ಅಂತ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದಿದ್ದರು. ಮೊದಲ ತಿಂಗಳಲ್ಲಿ ಅದು ಕುಸಿಯುವುದೂ ಉಂಟು. ನಾನು ಕಂಡಂತೆ, ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.

ತಪ್ಪು ನಮ್ಮದೂ ಇದೆ. ಡೈರಿಗೆ ಅಂಕ ಇಟ್ಟವರು ನಾವೇ. ಅಂಕ ಇರುವ ಕಡೆ ಸೋತದ್ದನ್ನು ಯಾರು ಬರೆಯುತ್ತಾರೆ? ಈ ಸಲ ನನ್ನ ತಂಡಕ್ಕೆ ಎರಡನೇ ಡೈರಿ ಕೊಟ್ಟೆ. ಅದಕ್ಕೆ ಅಂಕವಿಲ್ಲ, ನನ್ನ ಸಹಿ ಮಾತ್ರ. ಮೊದಲ ವಾರ ಅರ್ಧ ಜನ ಅದನ್ನು ತರಲೇ ಇಲ್ಲ.